ಇಪ್ಪತ್ಮೂರನೇ ನಂಬರಿನ ನಾಲ್ಕನೇ ಹಾಳೆ

ಹೊಸ ಜೀನ್ಸ್ ಬಟ್ಟೆಯ ವಾಸನೆ ಮೂಗಿಗೆ ಬಡಿದರೆ ನನಗೆ ಸಿಟ್ಟು ಬರುತ್ತದೆ. ಬೇರೆಯವರಿಗೆ ಹೊಸ ಬಟ್ಟೆ ಅಂದರೆ ಹಬ್ಬ ನೆನಪಾಗಬಹುದು. ನನಗೆ ನೆನಪಾಗುವುದು ಒಂದು ಹೆಸರುಪಟ್ಟಿ, ಅದರ ಕೆಳಗೆ ನಾನು ಹಾಕದೆ ಬಿಟ್ಟ ಸಹಿ. ಹೋದ ವಾರ ರಾಯದುರ್ಗದಲ್ಲಿ ಬಸ್ಸಿಳಿದು ನಾನು ಹಿಂದೆ ಪಾಠ ಮಾಡುತ್ತಿದ್ದ ಹೈಸ್ಕೂಲಿನ ದಾರಿ ಹಿಡಿದೆ. ನನ್ನ ಸರ್ವಿಸ್ ರಿಜಿಸ್ಟರಿನಲ್ಲಿ ಒಂದು ಎಂಟ್ರಿ ಬಿಟ್ಟುಹೋಗಿತ್ತು, ಅದನ್ನು ಬರೆಸಿಕೊಂಡು ಮಧ್ಯಾಹ್ನದ ಬಸ್ಸಿಗೆ ಮಡಕಶಿರಾಕ್ಕೆ ವಾಪಸಾಗುವ ಲೆಕ್ಕ. ದಾರಿಯಲ್ಲಿ ಒಂದು ಮನೆಯ ಜಗುಲಿಯ ಮೇಲೆ ಪ್ಯಾಂಟುಗಳ ರಾಶಿ ಬಿದ್ದಿತ್ತು. ನೀಲಿ ಬಣ್ಣ, ಗಂಜಿ, ಮೆಷಿನ್ನಿನ ಎಣ್ಣೆ ಮೂರೂ ಸೇರಿದ ಅದೇ ವಾಸನೆ. ಸುತ್ತ ಕೂತ ಹೆಂಗಸರು ಪುಟ್ಟ ಕತ್ತರಿ ಹಿಡಿದು ಹೊಲಿಗೆಯ ತುದಿಯಲ್ಲಿ ಜೋತಾಡುವ ದಾರಗಳನ್ನು ಕತ್ತರಿಸುತ್ತಿದ್ದರು. ನಾನು ನಿಂತೇಬಿಟ್ಟೆ.

"ಯಾರು ಬೇಕಾಗಿತ್ರಿ?" ಎಂದು ಒಬ್ಬಾಕೆ ಕೇಳಿದಳು.

"ಯಾರೂ ಬ್ಯಾಡ ಕಣಮ್ಮ," ಎಂದು ಮುಂದೆ ನಡೆದೆ. ಆದರೆ ಆ ವರ್ಷ ನನ್ನ ಜೊತೆಗೇ ನಡೆದು ಬಂತು.

ಕೊರೊನಾದ ಬೀಗ ತೆಗೆದು ಶಾಲೆಗಳು ಸರಿಯಾಗಿ ನಡೆಯತೊಡಗಿದ ಕಾಲ. ನಾನು ಮಡಕಶಿರಾ ಕಡೆಯವಳು, ಗಣಿತದ ಟೀಚರ್. ಆಂಧ್ರಕ್ಕೆ ಸೇರಿದ ರಾಯದುರ್ಗದ ಆ ಸರ್ಕಾರಿ ಹೈಸ್ಕೂಲಿನ ಕನ್ನಡ ಮಾಧ್ಯಮದ ಹತ್ತನೇ ತರಗತಿಗೆ ನಾನೇ ಕ್ಲಾಸ್ ಟೀಚರ್. ಮೊದಲ ದಿನ "ಯಾಕ್ರಮ್ಮಿ, ಎಲ್ರೂ ಲೆಕ್ಕ ಮಾಡ್ಕಂಡ್ ಬಂದಿದ್ದೀರಾ?" ಎಂದು ಕೇಳಿದ್ದಕ್ಕೆ ಇಡೀ ತರಗತಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿತು. ನನ್ನ ಮಾತು ಸಿರಾ ಸೀಮೆಯದು, ಅವರದು ಬಳ್ಳಾರಿ ಸೀಮೆಯದು. "ಮೇಡಂ, ನೀವು ಬೈದ್ರೂ ಹಾಡಿದಂಗ ಇರ್ತೈತ್ರಿ," ಎಂದಳು ಮೂರನೇ ಬೆಂಚಿನ ಒಬ್ಬ ಹುಡುಗಿ. ಹಾಡೋ ಬೈಗುಳವೋ ತೋರಿಸ್ತೀನಿ ತಾಳು ಎಂದುಕೊಂಡೆ. ಅವಳ ಹೆಸರು ಹುಲಿಗೆಮ್ಮ, ರೋಲ್ ನಂಬರ್ ಇಪ್ಪತ್ಮೂರು.

ಒಟ್ಟು ಮೂವತ್ತೊಂದು ಮಕ್ಕಳು. ಅದರಲ್ಲಿ ಐದು ಹುಡುಗಿಯರು ಒಂದೇ ಓಣಿಯವರು, ಒಂದೇ ಕೆಲಸದವರು. ಶಾಲೆಗೆ ಬೀಗ ಬಿದ್ದ ಕಾಲದಲ್ಲಿ ತಾಯಂದಿರ ಜೊತೆ ಪ್ಯಾಂಟಿನ ದಾರ ಕತ್ತರಿಸಲು ಕೂತವರು, ಬೀಗ ತೆಗೆದ ಮೇಲೂ ಎದ್ದಿರಲಿಲ್ಲ. ಬೆಳಿಗ್ಗೆ ಶಾಲೆಗೆ ಮುಂಚೆ, ಸಂಜೆ ಶಾಲೆ ಬಿಟ್ಟ ಮೇಲೆ, ಮಾಲು ತುರ್ತಾಗಿ ಹೋಗಬೇಕಾದರೆ ಹಗಲೆಲ್ಲ. ಆ ಕೆಲಸಕ್ಕೂ ಒಂದು ಶಿಸ್ತಿದೆ. ದಾರದ ತುದಿಯನ್ನು ಬಟ್ಟೆಗೆ ಅಂಟಿದಂತೆ ಬುಡಕ್ಕೇ ಕತ್ತರಿಸಬೇಕು. ಕತ್ತರಿ ಕೈಗೆ ಸಿಗದಿದ್ದರೆ ಹಲ್ಲಿನಿಂದ ಕಚ್ಚಬೇಕು. ಎಳೆ ಒಂದಿಂಚು ಜೋತಾಡುತ್ತಿದ್ದರೂ ಚೆಕ್ ಮಾಡುವವನು ಪೀಸನ್ನು ವಾಪಸ್ ಎಸೆಯುತ್ತಾನೆ. ಯಾರಿಗೆ ಎಸೆಯಬೇಕೆಂದು ತಿಳಿಯಲು ಪ್ರತಿಯೊಬ್ಬಳಿಗೂ ಒಂದು ನಂಬರ್. ಮುಗಿಸಿದ ಪ್ಯಾಂಟಿನ ಒಳಪಟ್ಟಿಯ ಮೇಲೆ ಸೀಮೆಸುಣ್ಣದಲ್ಲಿ ಆ ನಂಬರ್ ಬರೆದು ಸುತ್ತ ಒಂದು ವೃತ್ತ ಹಾಕುತ್ತಾರೆ. ಇದನ್ನೆಲ್ಲ ನನಗೆ ಹುಲಿಗೆಮ್ಮಳೇ ಹೇಳಿದ್ದು, ವೃತ್ತದ ಪಾಠ ಮಾಡುವ ದಿನ. ವೃತ್ತವನ್ನು ಕೈವಾರವಿಲ್ಲದೆ ಅಷ್ಟು ದುಂಡಗೆ ಬರೆಯುತ್ತಿದ್ದವಳು ಅವಳೊಬ್ಬಳೇ.

ಲೆಕ್ಕದಲ್ಲಿ ಜಾಣೆಯೇ? ಜಾಣೆ ಎಂದು ಕೂಡಲೇ ಹೇಳುವಂತಿರಲಿಲ್ಲ. ಬಾಯಿ ಬಿಟ್ಟು ಉತ್ತರ ಹೇಳುತ್ತಿರಲಿಲ್ಲ, ಮೊದಲು ಹಾಳೆಯ ಮೇಲೆ ಹಂತ ಹಂತವಾಗಿ ಇಳಿಸಿ, ಕೊನೆಗೆ ತಲೆ ಎತ್ತುತ್ತಿದ್ದಳು. ನಾನೋ ತಾಳ್ಮೆ ಇಲ್ಲದ ಹೆಂಗಸು. "ಏನಮ್ಮಿ, ಹೊಲಿಗೆ ಹಾಕ್ತಿದ್ದೀಯೇನು?" ಎಂದು ಗದರಿದರೆ, "ಬಿಚ್ಚಾಕ ಬರಬಾರ್ದ್ರಿ ಮೇಡಂ, ಅದಕ್ಕ," ಎನ್ನುತ್ತಿದ್ದಳು. ಇಂಥವಳಿಗೆ ಏನು ಹೇಳುವುದು!

ನಮ್ಮ ಹೆಡ್‌ಮಾಸ್ಟರ್ ಶಿವಲಿಂಗಪ್ಪನವರು. ನಿವೃತ್ತಿಗೆ ಎರಡು ವರ್ಷ ಬಾಕಿ. ಕೆಟ್ಟ ಮನುಷ್ಯರಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮಕ್ಕಳ ಊಟದ ಸಾರಿನ ರುಚಿ ನೋಡದೆ ತಾವು ಡಬ್ಬಿ ಬಿಚ್ಚುತ್ತಿರಲಿಲ್ಲ. ಆದರೆ ಹಿಂದಿನ ವರ್ಷ ಹತ್ತನೇ ಪರೀಕ್ಷೆಯಲ್ಲಿ ನಮ್ಮ ಇಬ್ಬರು ಫೇಲಾಗಿದ್ದರು. ಮೀಟಿಂಗಿನಲ್ಲಿ ಮೇಲಧಿಕಾರಿಗಳು ಶಿವಲಿಂಗಪ್ಪನವರನ್ನು ಎದ್ದು ನಿಲ್ಲಿಸಿ, ಮೀಟಿಂಗ್ ಮುಗಿಯುವವರೆಗೂ ಕೂರಲು ಹೇಳಲಿಲ್ಲವಂತೆ. "ಅರವತ್ತರ ಹತ್ರ ಬಂದೀನಿ, ಹುಡುಗ್ರನ್ನ ನಿಲ್ಲಿಸಿದಂಗ ನಿಲ್ಲಿಸಿದ್ರಮ್ಮ," ಎಂದು ನನ್ನೊಬ್ಬಳ ಎದುರು ಹೇಳಿ ಕಣ್ಣೊರೆಸಿಕೊಂಡಿದ್ದರು. ವಾರಕ್ಕೊಮ್ಮೆ ಮೇಲಿನಿಂದ ಫೋನು. ಆಚೆಯಿಂದ ತೆಲುಗಿನಲ್ಲಿ ಒಂದೇ ಪ್ರಶ್ನೆ, "ಈಸಾರಿ ರಿಜಲ್ಟ್ ಎಂತ?" ಈಚೆಯಿಂದ ಇವರದು ಒಂದೇ ಉತ್ತರ, "ನೂಟಿಕಿ ನೂರು ಸಾರ್." ಫೋನಿಟ್ಟ ಮೇಲೆ ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದರು. ನೂರಕ್ಕೆ ನೂರು ತರುವುದಕ್ಕೆ ಎರಡು ದಾರಿ: ಎಲ್ಲರಿಗೂ ಕಲಿಸುವುದು, ಇಲ್ಲವೇ ಕಲಿಯದವರನ್ನು ಪಟ್ಟಿಯಿಂದ ತೆಗೆಯುವುದು. ಎರಡನೆಯದು ಸುಲಭ.

ದೀಪಾವಳಿ ಕಳೆದ ಮೇಲೆ ಅರ್ಧವಾರ್ಷಿಕ ಪರೀಕ್ಷೆ ಬಂತು. ಅದರ ಅಂಕ ನೋಡಿ ಮಕ್ಕಳನ್ನು ಎ, ಬಿ, ಸಿ, ಡಿ ಎಂದು ನಾಲ್ಕು ಗುಂಪು ಮಾಡಬೇಕೆಂದು ಆದೇಶ. ನಮ್ಮ ಮಕ್ಕಳ ಪೇಪರನ್ನು ನಾವೇ ತಿದ್ದಿದರೆ ಕರುಣೆ ತೋರಿಸುತ್ತೇವೆ ಎಂದು, ಪೇಪರಿನ ಕಟ್ಟುಗಳನ್ನು ಶಾಲೆಯಿಂದ ಶಾಲೆಗೆ ಅದಲುಬದಲು ಮಾಡಿದರು. ನಮ್ಮ ಗಣಿತದ ಕಟ್ಟು ಕಣೇಕಲ್ಲಿನ ದಾರಿಯ ಮೇಲಿರುವ ಒಂದು ಹಳ್ಳಿಯ ಶಾಲೆಗೆ ಹೋಯಿತು. ಊರಿನ ಹೆಸರು ಬೇಡ, ಈಗ ಅಲ್ಲಿರುವವರು ಬೇರೆಯವರು.

ಪರೀಕ್ಷೆಗೆ ಮುಂಚೆ ನಾನು ಮಕ್ಕಳಿಗೆ ನೂರು ಸಲ ಹೇಳಿದ್ದೆ. "ಪೇಪರ್ ನೀಟಾಗಿರ್ಬೇಕು. ಮೂಲೆ ಮಡಚಬಾರ್ದು, ಎಕ್ಸ್‌ಟ್ರಾ ಹಾಳೆ ಕಟ್ಟಿದ ದಾರ ಗಲೀಜಾಗಿ ನೇತಾಡಬಾರ್ದು. ನೋಡಿದ ಕೂಡ್ಲೆ ತಿದ್ದೋರ ಮನಸ್ಸು ತಂಪಾಗ್ಬೇಕು." ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ನನ್ನ ತಲೆಗೇ ಬಂತು.

ಅಂಕಗಳು ಬಂದವು. ಡಿ ಗುಂಪಿನಲ್ಲಿ ಏಳು ಹೆಸರು. ಇಬ್ಬರು ಹುಡುಗರು, ಅವರ ವಿಷಯ ನನಗೆ ಗೊತ್ತೇ ಇತ್ತು, ಗುಣಾಕಾರ ಇನ್ನೂ ಕೈ ಹತ್ತಿರಲಿಲ್ಲ. ಉಳಿದ ಐವರು ಅದೇ ಓಣಿಯ ಐದು ಹುಡುಗಿಯರು. ಹುಲಿಗೆಮ್ಮಳಿಗೆ ನೂರಕ್ಕೆ ಹನ್ನೊಂದು.

ಹನ್ನೊಂದು! ನಾನು ಆ ಸಂಖ್ಯೆಯನ್ನು ನೋಡಿದೆ, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದೆ. ಪಾಸಾಗಲು ಮೂವತ್ತೈದು ಬೇಕು. ಈ ಹುಡುಗಿ ನಿದ್ದೆಗಣ್ಣಲ್ಲಿ ಬರೆದರೂ ಅಷ್ಟು ತರುವವಳು. ಅಟೆಂಡರಿಗೆ ಹೇಳಿ ವಾಪಸ್ ಬಂದ ಕಟ್ಟನ್ನು ಸ್ಟಾಫ್ ರೂಮಿನ ಮೇಜಿನ ಮೇಲೆ ಬಿಚ್ಚಿಸಿದೆ. ಹುಲಿಗೆಮ್ಮಳದು ಅಂತ ಇದ್ದದ್ದು ಒಂದೇ ಹಾಳೆ, ಹೆಸರು ಬರೆದ ಮೊದಲ ಹಾಳೆ. ಎಡಮೂಲೆಯ ತೂತಿನಲ್ಲಿ ದಾರವೇ ಇಲ್ಲ. ಎರಡನೆಯವಳದೂ ಅಷ್ಟೇ. ಮೂರನೆಯವಳದರಲ್ಲಿ ತೂತಿಗೆ ಅಂಟಿಕೊಂಡು ಅಕ್ಕಿಕಾಳಿನಷ್ಟು ಬಿಳಿ ಎಳೆ. ಐವರದೂ ಒಂದೊಂದೇ ಹಾಳೆ.

ಹುಲಿಗೆಮ್ಮಳನ್ನು ಕರೆಸಿದೆ. "ಎಷ್ಟು ಹಾಳೆ ಬರ್ದೆ?"

"ಮೊದಲನೇದು ಬಿಟ್ಟು ನಾಕು ರೀ ಮೇಡಂ."

"ಕಟ್ಟಿರ್ಲಿಲ್ವಾ?"

"ಕಟ್ಟಿದ್ನಲ್ರಿ. ಗಂಟು ಹಾಕಿ, ತುದಿ ಕಚ್ಚಿ ತಗದು, ನೀಟ್ ಮಾಡಿ ಕೊಟ್ಟೀನಿ."

"ತುದಿ ಕಚ್ಚಿದ್ಯಾ? ಯಾಕಮ್ಮಿ ಕಚ್ಚಿದೆ?"

ನಾನು ಕೇಳಬಾರದ್ದು ಕೇಳಿದೆ ಎಂಬಂತೆ ನೋಡಿದಳು. "ದಾರ ಬಿಟ್ರ ಪೀಸು ರಿಜೆಕ್ಟ್ ಆಗ್ತೈತಲ್ರಿ."

ಹಾಳೆಯ ಖಾಲಿ ತೂತನ್ನು ಮತ್ತೆ ನೋಡಿದೆ. ಪರೀಕ್ಷೆಯ ಹಾಳೆಗೆ ಕಟ್ಟುವ ದಾರಕ್ಕೆ ಒಂದೇ ಸಡಿಲ ಗಂಟು, ಗಂಟನ್ನು ಹಿಡಿಯುವುದೇ ಆ ಉದ್ದನೆಯ ತುದಿಗಳು. ಬುಡಕ್ಕೆ ಕಚ್ಚಿದರೆ ಗಂಟು ಎಷ್ಟು ಹೊತ್ತು ನಿಂತೀತು? ಅಟೆಂಡರ್ ಕಟ್ಟನ್ನು ಸೈಕಲ್ಲಿಗೆ ಹಾಕುವಷ್ಟರಲ್ಲಿ ಕಳಚಿರುತ್ತದೆ. ಐದು ಹುಡುಗಿಯರೂ ಪ್ಯಾಂಟಿಗೆ ಮಾಡುವುದನ್ನು ಪೇಪರಿಗೆ ಮಾಡಿದ್ದರು, ಅದೂ ನನ್ನ ಮಾತು ಕೇಳಿ. ದಾರ ನೇತಾಡಬಾರದು ಎಂದು ಹೇಳಿದವಳು ನಾನೇ ತಾನೆ? ಬೇರೆ ಮಕ್ಕಳು ನನ್ನ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ, ಬದುಕಿದರು. ನನ್ನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಮರುದಿನ ಬೆಳಿಗ್ಗೆಯೇ ರಜೆ ಬರೆದಿಟ್ಟು ಕಣೇಕಲ್ಲಿನ ಬಸ್ಸು ಹತ್ತಿದೆ. ಕಾಲುವೆಯ ನೀರಿಗೆ ಭತ್ತ ತೆನೆ ಬಾಗಿತ್ತು, ಚಳಿಯ ಬಿಸಿಲು ಹಿತವಾಗಿತ್ತು. ಆ ಶಾಲೆಯ ಗಣಿತದ ಮೇಷ್ಟ್ರು ಮರ್ಯಾದಸ್ಥರೇ. "ಮೇಡಂ, ಬಿಡಿ ಹಾಳೆ ಬಹಳ ಇದ್ವು. ಹೆಸ್ರಿಲ್ಲ, ನಂಬರಿಲ್ಲ. ಯಾರದಂತ ತಿಳ್ಕೋಬೇಕ್ರಿ?" ಎಂದು ಕೈ ಚೆಲ್ಲಿದರು. ಎಲ್ಲಿ ಹಾಕಿದಿರಿ ಎಂದು ಕೇಳಿದೆ. ಅಕ್ಕಿಯ ಖಾಲಿ ಚೀಲಕ್ಕೆ ತುಂಬಿ ಅಡುಗೆ ಕೋಣೆಯ ಪಕ್ಕ ಇಟ್ಟಿದ್ದರಂತೆ.

ಅಡುಗೆ ಕೋಣೆಯಲ್ಲಿ ಬಿಸಿಯೂಟದ ಅಡುಗೆಯವಳು ಒಲೆ ಊದುತ್ತಿದ್ದಳು. ಚೀಲ ಅರ್ಧ ಇತ್ತು. ನನ್ನ ಮುಖ ನೋಡಿಯೇ ಅವಳಿಗೆ ಹೆದರಿಕೆಯಾಯಿತು. "ಬ್ಯಾಡಾದ ಕಾಗದ ಅಂದ್ರಂತ ದಿನಾ ಒಂದಿಷ್ಟು ಒಲಿಗೆ ಹಾಕೀನ್ರಿ ಅಮ್ಮಾರ. ನಂಗೇನು ಗೊತ್ತಾಗ್ಬೇಕು?" ಎಂದಳು. ಅವಳ ತಪ್ಪೇನಿದೆ? ನಾನು ನೆಲಕ್ಕೆ ಕೂತೆ, ಅವಳೂ ಊದುಗೊಳವೆ ಬಿಟ್ಟು ನನ್ನ ಪಕ್ಕ ಕೂತಳು. ಚೀಲ ಸುರಿದು ಒಂದೊಂದೇ ಹಾಳೆ ತಿರುವಿದೆವು. ಮೂರನೆಯದೋ ನಾಲ್ಕನೆಯದೋ ಹಾಳೆಯ ಮೇಲ್ತುದಿಯಲ್ಲಿ ನೀಲಿ ಪೆನ್ನಿನ ಒಂದು ಪುಟ್ಟ ವೃತ್ತ ಕಂಡಿತು. ಒಳಗೆ ಒಂಬತ್ತು. ವೃತ್ತದ ಕೆಳಗೆ ಎರಡು.

ನಂಬರಿಲ್ಲವಂತೆ! ಮೇಷ್ಟ್ರು ಹುಡುಕಿದ್ದು ರೋಲ್ ನಂಬರಿನ ಕಾಲಂ. ಹುಡುಗಿಯರು ಬರೆದದ್ದು ಪ್ಯಾಂಟಿನ ಒಳಪಟ್ಟಿಗೆ ಬರೆಯುವ ಹಾಗೆ. ವೃತ್ತದೊಳಗೆ ತಮ್ಮ ರೋಲ್ ನಂಬರ್, ಅದರ ಕೆಳಗೆ ಎಷ್ಟನೇ ಹಾಳೆ ಅಂತ. ಯಾವ ಪೀಸು ಯಾರ ಕೈಯದು ಎಂದು ಮರೆಯಬಾರದಲ್ಲ. ನಾನು ಅಲ್ಲೇ ಬೂದಿಯ ಮೇಲೆ ಕೂತು ಜೋರಾಗಿ ನಕ್ಕೆ. ಅಡುಗೆಯವಳು ಈ ಅಮ್ಮನಿಗೆ ಏನೋ ಆಯಿತು ಎಂದು ನೀರು ತಂದುಕೊಟ್ಟಳು.

ಮಧ್ಯಾಹ್ನದ ಹೊತ್ತಿಗೆ ನಾಲ್ವರ ಹಾಳೆಗಳು ಬಹುಪಾಲು ಸಿಕ್ಕವು. ಹುಲಿಗೆಮ್ಮಳದು ಸಿಕ್ಕಿದ್ದು ಒಂದೇ ಒಂದು. ವೃತ್ತದೊಳಗೆ ಇಪ್ಪತ್ಮೂರು, ಕೆಳಗೆ ನಾಲ್ಕು. ಚೀಲವನ್ನು ಮೂರು ಸಲ ಕೊಡವಿದೆ. ಒಂದು, ಎರಡು, ಮೂರನೇ ಹಾಳೆಗಳು ಯಾವುದೋ ದಿನದ ಅನ್ನದ ಕೆಳಗೆ ಉರಿದುಹೋಗಿದ್ದವು.

ಆ ಮೇಷ್ಟ್ರು ಅಲ್ಲೇ ಕೂತು ಸಿಕ್ಕ ಹಾಳೆಗಳನ್ನೆಲ್ಲ ತಿದ್ದಿ ಸಹಿ ಹಾಕಿದರು. ನಾಲ್ವರೂ ಡಿ ಗುಂಪಿನಿಂದ ಮೇಲೆ ಬಂದರು. ಹುಲಿಗೆಮ್ಮಳ ನಾಲ್ಕನೇ ಹಾಳೆಯಲ್ಲಿದ್ದದ್ದು ಒಂದು ಲೆಕ್ಕ, ಪೂರ್ತಿ ಸರಿ, ನಾಲ್ಕು ಅಂಕ. ಹನ್ನೊಂದಕ್ಕೆ ನಾಲ್ಕು ಸೇರಿ ಹದಿನೈದು.

ಹತ್ತನೇ ಪರೀಕ್ಷೆಗೆ ಕೂರುವವರ ಹೆಸರುಪಟ್ಟಿ ಕಳಿಸಲು ಎರಡು ದಿನ ಉಳಿದಿತ್ತು. ಕ್ಲಾಸ್ ಟೀಚರ್ ಸಹಿ ಇಲ್ಲದೆ ಹೆಡ್‌ಮಾಸ್ಟರ್ ಪಟ್ಟಿ ಕಳಿಸುವಂತಿಲ್ಲ. ಶಿವಲಿಂಗಪ್ಪನವರು ನನ್ನೆದುರು ಇಟ್ಟ ಪಟ್ಟಿಯಲ್ಲಿ ಇಪ್ಪತ್ತೆಂಟು ಹೆಸರು. ಆ ಇಬ್ಬರು ಹುಡುಗರೂ ಇಲ್ಲ, ಹುಲಿಗೆಮ್ಮಳೂ ಇಲ್ಲ.

"ಹಾಜರಿ ಕಮ್ಮಿ ಐತಿ," ಎಂದರು.

"ಹಾಜರಿ ಕಮ್ಮಿ ಇರೋರು ಇನ್ನೂ ಆರು ಜನ ಅವ್ರೆ ಸಾರ್. ಅವರ ಹೆಸರು ಐತೆ."

"ಅವ್ರು ಪಾಸಾಗ್ತಾರಮ್ಮ."

ಅಂತೂ ಬಾಯಿಬಿಟ್ಟರು. ನಾನು ನಾಲ್ಕನೇ ಹಾಳೆಯನ್ನು ಮೇಜಿನ ಮೇಲಿಟ್ಟೆ. ಅಷ್ಟರಲ್ಲಿ ಹುಲಿಗೆಮ್ಮಳನ್ನೂ ಅವಳ ತಾಯಿ ಈರಮ್ಮನನ್ನೂ ಹೆಡ್‌ಮಾಸ್ಟರೇ ಕರೆಸಿದ್ದರು, ಮುಂದಿನ ವರ್ಷ ಬರೆಸೋಣ ಎಂದು ಒಪ್ಪಿಸುವುದಕ್ಕೆ. ಈರಮ್ಮ ಸೆರಗಿಗಂಟಿದ ನೀಲಿ ನೂಲು ಕೊಡವುತ್ತ ಬಾಗಿಲಲ್ಲೇ ನಿಂತಳು. "ದೊಡ್ಡೋರು ಹೇಳ್ತಾರ ಅಂದ್ರ ಮುಂದಿನ ವರ್ಷಾನ ಆಗ್ಲಿ ಬಿಡ್ರಿ. ಮನ್ಯಾಗ ಕೆಲಸಾನೂ ಐತಿ," ಎಂದಳು. ಮುಂದಿನ ವರ್ಷ ಎಂಬ ಮಾತಿನ ಅರ್ಥ ನನಗೆ ಗೊತ್ತಿತ್ತು. ಒಮ್ಮೆ ಆ ರಾಶಿಯ ಮುಂದೆ ಪೂರ್ತಿ ದಿನ ಕೂತ ಹುಡುಗಿ ಮತ್ತೆ ಶಾಲೆಗೆ ಬಂದದ್ದನ್ನು ನಾನು ಕಂಡಿಲ್ಲ.

ಹುಲಿಗೆಮ್ಮ ಮೇಜಿನ ಮೇಲಿನ ಹಾಳೆಯನ್ನೇ ನೋಡುತ್ತಿದ್ದಳು. "ಸರ್, ನಾಕನೇದು ಐತಂದ್ರ ಒಂದು ಎರಡು ಮೂರು ಎಲ್ಲಿ ಹೋದುವ್ರಿ?"

ಹೆಡ್‌ಮಾಸ್ಟರ್ ಹಾಳೆಯನ್ನು ಎತ್ತಿ ನೋಡಿದರು. "ಇದ್ವು ಅಂತ ಒಪ್ತೀನಮ್ಮ. ಅದ್ರಾಗ ಬರದದ್ದು ಸರಿ ಇತ್ತು ಅಂತ ಹ್ಯಾಂಗ ಒಪ್ಪಲಿ? ಒಂದು ಕೆಲಸ ಮಾಡು. ಅದ ಪ್ರಶ್ನೆಪತ್ರಿಕೆ ಕೊಡ್ತೀನಿ, ನನ್ನ ಮುಂದ ಇಲ್ಲೇ ಕೂತು ಮತ್ತ ಬರಿ. ಮೂವತ್ತೈದು ಬಂದ್ರ ಹೆಸರು ಹಾಕ್ತೀನಿ."

ನ್ಯಾಯವಾದ ಮಾತು ಎನ್ನಿಸಿತು ನನಗೆ. ಮನಸ್ಸಿನಲ್ಲೇ ಬರಿ ಮಗಳೇ ಬರಿ ಎಂದೆ.

"ನಾ ಬರಿಯಂಗಿಲ್ರಿ," ಎಂದಳು ಹುಲಿಗೆಮ್ಮ.

"ಯಾಕ?"

"ಒಮ್ಮೆ ಬರದು ಕೊಟ್ಟೀನಲ್ರಿ. ಮುಗಿಸಿ ಕೊಟ್ಟ ಪೀಸು ಸಾವ್ಕಾರ ಕಳಕೊಂಡ್ರ ನಾವು ಮತ್ತ ಮಾಡಿ ಕೊಡ್ತೀವೇನ್ರಿ? ಕಳದೋರು ಹುಡುಕ್ಬೇಕು." ಕಣ್ಣಲ್ಲಿ ನೀರಿತ್ತು, ಆದರೆ ತಲೆ ತಗ್ಗಿಸಲಿಲ್ಲ. "ಉಳದೋರ್ಯಾರೂ ಎರಡು ಸಲ ಬರದಿಲ್ಲ. ನಾ ಯಾಕ ಬರೀಬೇಕ್ರಿ?"

ಈರಮ್ಮ ಮಗಳ ಬೆನ್ನಿಗೆ ಒಂದು ಗುದ್ದಿದಳು. ಹೆಡ್‌ಮಾಸ್ಟರ್ ಕೆಂಪಾದರು. "ನೋಡ್ರಿ ಮೇಡಂ, ಸೊಕ್ಕು ನೋಡ್ರಿ! ನಿಮ್ಮ ಮಾತು ಕೇಳಿ ಒಂದು ದಾರಿ ತೋರಿಸಿದ್ರ ಹಿಂಗಂತಾಳ."

ನಿಜ ಹೇಳಲೇ? ಆ ಗಳಿಗೆಯಲ್ಲಿ ನನಗೂ ಅವಳ ಕೆನ್ನೆಗೆ ಒಂದು ಕೊಡಬೇಕು ಎನ್ನಿಸಿತು. ಎರಡೂವರೆ ಗಂಟೆ ಬರೆದರೆ ಮುಗಿಯುತ್ತಿತ್ತು. ಬೂದಿಯಲ್ಲಿ ಕೂತು ಹುಡುಕಿದ್ದು ಯಾರಿಗಾಗಿ? ಆದರೆ ಅವಳು ಹೇಳಿದ್ದು ಸರಿ. ಕಳೆದವರು ನಾವು. ದಾರ ನೇತಾಡಬಾರದು ಎಂದವಳು ನಾನು, ಕಟ್ಟು ಸರಿಯಾಗಿ ಕಟ್ಟದೆ ಕಳಿಸಿದವರು ನಾವು, ಒಲೆಗೆ ಹಾಕಿದವರೂ ನಮ್ಮಂಥವರೇ. ಪರೀಕ್ಷೆ ಮಾತ್ರ ಅವಳಿಗೆ ಎರಡು ಸಲ. ಇನ್ನೊಂದು ವಿಷಯವೂ ಆಗಲೇ ನನಗೆ ಹೊಳೆದದ್ದು. ಅವಳ ಆ ಹನ್ನೊಂದು ನಿಜವೇ ಆಗಿದ್ದರೂ, ಹತ್ತು ವರ್ಷ ಶಾಲೆಗೆ ಬಂದ ಮಗುವಿಗೆ ಪರೀಕ್ಷೆ ಬರೆಯಬೇಡ ಎನ್ನಲು ನಾವ್ಯಾರು? ಗುಣಾಕಾರ ಬಾರದ ಆ ಇಬ್ಬರು ಹುಡುಗರಿಗೆ ಹಾಗೆ ಹೇಳಲು ನಾವ್ಯಾರು? ಫೇಲಾಗುವ ಹಕ್ಕೂ ಅವರದೇ.

ನಾನು ಪಟ್ಟಿಯನ್ನು ಮೇಜಿನ ಆಚೆಗೆ ತಳ್ಳಿದೆ. "ನಾನು ಸೈನ್ ಹಾಕಾಕಿಲ್ಲ ಸಾರ್. ಮೂವತ್ತೊಂದು ಹೆಸರು ಬರ್ಸಿ, ಹಾಕ್ತೀನಿ."

"ಮೇಡಂ, ನನ್ನ ಸ್ಥಿತಿ ನಿಮಗ ತಿಳಿಯಂಗಿಲ್ಲ."

"ತಿಳೀತೈತೆ ಸಾರ್. ನಿಮ್ಮನ್ನ ಎದ್ದು ನಿಲ್ಸಿದ್ರು, ತಪ್ಪು. ಅದಕ್ಕೆ ನೀವು ಇವಳನ್ನ ಹೊರಗೆ ನಿಲ್ಸೋದು ಅದಕ್ಕಿಂತ ದೊಡ್ಡ ತಪ್ಪು."

ಅವರು ಪಟ್ಟಿಯನ್ನು ಎತ್ತಿ ಪಕ್ಕಕ್ಕಿಟ್ಟರು. ಆಮೇಲೆ ಒಂದು ಬಿಳಿ ಹಾಳೆ ನನ್ನ ಮುಂದಿಟ್ಟರು. "ಹಂಗಾದ್ರ ಬರದು ಕೊಡ್ರಿ. ಈ ಮೂವರ ರಿಜಲ್ಟಿಗೆ ನಾನ ಜವಾಬ್ದಾರಿ ಅಂತ." ನಾನು ಬರೆದೆ. ಬರೆದು, ಅವರ ಕಣ್ಣೆದುರೇ ಮೇಲ್ತುದಿಯಲ್ಲಿ ನನ್ನ ಹೆಸರಿನ ಸುತ್ತ ಒಂದು ವೃತ್ತ ಹಾಕಿದೆ. ಹುಲಿಗೆಮ್ಮ ಅತ್ತುಕೊಂಡೇ ನಕ್ಕಳು. ಹೆಡ್‌ಮಾಸ್ಟರಿಗೆ ಏನೂ ತಿಳಿಯಲಿಲ್ಲ.

ಆಮೇಲಿನ ತಿಂಗಳುಗಳ ಬಗ್ಗೆ ಹೇಳುವುದು ಕಡಿಮೆ, ಮಾಡಿದ್ದು ಹೆಚ್ಚು. ಬೆಳಿಗ್ಗೆ ಏಳೂವರೆಗೆ ಸ್ಟಡಿ ಅವರ್. ಹುಡುಗಿಯರು ಬರುತ್ತಿರಲಿಲ್ಲ, ಅದು ಕೆಲಸದ ಹೊತ್ತು. ಬರದಿದ್ದರೆ ಬಿಡುವವಳೇ ನಾನು? ಮೂರನೇ ದಿನ ಹಲಗೆ ಎತ್ತಿಕೊಂಡು ಅವರ ಓಣಿಗೇ ಹೋದೆ, ಆ ಇಬ್ಬರು ಹುಡುಗರನ್ನೂ ಕರೆದುಕೊಂಡು. ಈರಮ್ಮನ ಜಗುಲಿಯ ಗೋಡೆಗೆ ಹಲಗೆ ಆನಿಸಿ ನಿಂತರೆ ಮುಂದೆ ಪ್ಯಾಂಟಿನ ರಾಶಿ, ಸುತ್ತ ಹುಡುಗಿಯರು, ಅವರ ತಾಯಂದಿರು. ಕೈಗೆ ಕತ್ತರಿ, ಬಾಯಿಗೆ ಸೂತ್ರ. ಮೊದಮೊದಲು ತಾಯಂದಿರು ಮುಸಿಮುಸಿ ನಕ್ಕರು. ಹದಿನೈದು ದಿನಕ್ಕೆ ಈರಮ್ಮನೇ ಆ ಹುಡುಗರಲ್ಲಿ ಒಬ್ಬನಿಗೆ, "ಹದಿನೇಳರ ಮಗ್ಗಿ ಹೇಳೋ, ನಿಂದೊಬ್ಬಂದ ಬಾಕಿ ಐತಿ," ಎಂದು ದಬಾಯಿಸತೊಡಗಿದಳು. ಪಾಠ ಮುಗಿಸಿ ಶಾಲೆಗೆ ಹೋಗುವಾಗ ನನ್ನ ಸೀರೆಯ ತುಂಬ ನೀಲಿ ನೂಲು. ಸ್ಟಾಫ್ ರೂಮಿನಲ್ಲಿ "ಮೇಡಂ ಟೇಲರಿಂಗ್ ಕಲೀಲಿಕ್ಕ ಹತ್ಯಾರ" ಎಂದು ಹಾಸ್ಯ ಮಾಡಿದರು. ಮಾಡಲಿ ಎಂದೆ. ಫೆಬ್ರವರಿ ಮುಗಿಯುವಾಗ ರಾಯದುರ್ಗದ ಬೆಟ್ಟದ ಕಲ್ಲು ಕಾದು ಊರಿಗೆ ಕಾವು ಹರಡಿತು. ನೇಮಕಲ್ಲಿನ ಆಂಜನೇಯನಿಗೆ ಹರಕೆ ಹೊರುವವರು ಹೊತ್ತರು. ನಾನು ಯಾವ ದೇವರಿಗೂ ಕೈ ಮುಗಿಯಲಿಲ್ಲ, ದೇವರ ಮೇಲೂ ಸಿಟ್ಟಿತ್ತು.

ಗಣಿತದ ಪರೀಕ್ಷೆಯ ಹಿಂದಿನ ದಿನ ಐವರನ್ನೂ ನಿಲ್ಲಿಸಿ ಹೇಳಿದೆ. "ದಾರದ ತುದಿ ಮುಟ್ಟಿದ್ರೆ ನಿಮ್ಮ ಹಲ್ಲು ಮುರೀತೀನಿ." ಮರುದಿನ ಪರೀಕ್ಷೆ ಮುಗಿಯುವ ಹೊತ್ತಿಗೆ ಸೆಂಟರಿನ ಗೇಟಿನ ಹೊರಗೆ ಬಿಸಿಲಲ್ಲಿ ನಿಂತಿದ್ದೆ. ಹುಲಿಗೆಮ್ಮ ಬಂದವಳೇ ಪರೀಕ್ಷೆ ಹೇಗಾಯಿತು ಎಂದು ಹೇಳಲಿಲ್ಲ. "ಮೇಡಂ, ಎಕ್ಸ್‌ಟ್ರಾ ಹಾಳಿ ಕಟ್ಟೀನ್ರಿ. ದಾರ ಇಷ್ಟುದ್ದ ಬಿಟ್ಟೀನ್ರಿ. ನೋಡಾಕ ಎಷ್ಟು ಅಸಹ್ಯ ಆತಂದ್ರ!" ಎಂದು ಗೇಣುದ್ದ ಕೈ ತೋರಿಸಿದಳು. ನಾನು ಅವಳನ್ನು ಅಲ್ಲೇ ಎಲ್ಲರೆದುರು ತಬ್ಬಿಕೊಂಡೆ.

ಫಲಿತಾಂಶ ಬಂದ ದಿನ ನಮಗೆ ನೂರಕ್ಕೆ ನೂರು ಬರಲಿಲ್ಲ. ಮೂವರು ಫೇಲು. ಒಬ್ಬ ಆ ಇಬ್ಬರು ಹುಡುಗರಲ್ಲಿ ಒಬ್ಬ, ಒಬ್ಬಳು ಬಿ ಗುಂಪಿನವಳು. ಮೂರನೆಯವನು ಎ ಗುಂಪಿನವನು, ಹೆಡ್‌ಮಾಸ್ಟರ್ ಕೈಕುಲುಕಿ ಫೋಟೋ ತೆಗೆಸಿಕೊಂಡಿದ್ದ ಹುಡುಗ. ಡಿ ಗುಂಪಿನ ಇನ್ನೊಬ್ಬ ಹುಡುಗ ಸರಿಯಾಗಿ ಮೂವತ್ತೈದರ ಮೇಲೆ ಕಾಲಿಟ್ಟು ದಾಟಿದ. ಹುಲಿಗೆಮ್ಮಳಿಗೆ ಗಣಿತದಲ್ಲಿ ಎಪ್ಪತ್ತೊಂದು.

ನನಗೆ ಮೆಮೋ ಬಂತು. ಫಲಿತಾಂಶ ಕಡಿಮೆಯಾದದ್ದಕ್ಕೆ ವಿವರಣೆ ಕೊಡಿ ಎಂದು. ನಾನು ಬರೆದ ವಿವರಣೆ ಇಷ್ಟೇ: "ಮೂವತ್ತೊಂದು ಮಕ್ಕಳು ನನ್ನ ತರಗತಿಯಲ್ಲಿದ್ದರು. ಮೂವತ್ತೊಂದು ಮಕ್ಕಳೂ ಪರೀಕ್ಷೆ ಬರೆದರು. ಇದಕ್ಕಿಂತ ಬೇರೆ ವಿವರಣೆ ನನ್ನಲ್ಲಿಲ್ಲ." ಆ ಮೆಮೋವನ್ನು ಲ್ಯಾಮಿನೇಷನ್ ಮಾಡಿಸಿ ಇಟ್ಟುಕೊಂಡಿದ್ದೇನೆ. ಬೇಸಿಗೆ ರಜೆಯಲ್ಲೇ ವರ್ಗಾವಣೆ ಆಗಿ ಮಡಕಶಿರಾಕ್ಕೆ ಬಂದೆ. ಶಿವಲಿಂಗಪ್ಪನವರು ನಿವೃತ್ತರಾದರು. ಹುಲಿಗೆಮ್ಮ ಕಾಲೇಜಿಗೆ ಸೇರಿದಳು ಎಂದು ಮಾತ್ರ ಕೇಳಿದ್ದೆ.

ಹೋದ ವಾರ ನನ್ನ ಎಂಟ್ರಿ ಬರೆಯಲು ಕ್ಲರ್ಕು ರಾಜಣ್ಣ ಹಳೆಯ ರಿಜಿಸ್ಟರುಗಳನ್ನು ಇಳಿಸಿದ. ಅವನು ಆಗಲೂ ಇದ್ದವನೇ. "ಮೇಡಂ, ನೀವು ಹೋದ ಮ್ಯಾಲ ಆ ಹುಡುಗಿ ಮಾಡಿದ್ದು ನಿಮಗ ಗೊತ್ತೈತೇನ್ರಿ?" ಎಂದ.

"ಏನ್ ಮಾಡಿದ್ಲು?"

"ಟಿ.ಸಿ. ತಗೊಳ್ಳಾಕ ಬಂದಳು. ನಾ ಕೈಯಾಗ ಕೊಟ್ರ ತಗೊಳ್ಳಲಿಲ್ರಿ. ಅರ್ಧವಾರ್ಷಿಕದ ಮಾರ್ಕ್ಸ್ ರಿಜಿಸ್ಟರ್ ತೋರಿಸ್ರಿ ಅಂದಳು. ಹದಿನೈದು ಅಂತ ಇತ್ತಲ್ರಿ, ಅದನ್ನ ತಗೀರಿ, ಇಲ್ಲಾಂದ್ರ ಟಿ.ಸಿ. ಬ್ಯಾಡ ಅಂದಳು. ಹೆಡ್‌ಮಾಸ್ಟರ್ ಸಾಹೇಬ್ರು ನಕ್ಕೋತ, ಪಾಸಾಗೀಯಲ್ಲಮ್ಮ, ಇನ್ನ ಅದ್ಯಾಕ ಅಂದ್ರು. ಪಾಸಾಗಿದ್ದು ಬ್ಯಾರೆ ಪರೀಕ್ಷಾ ರೀ, ಅದು ಬ್ಯಾರೆ, ಅಂದಳು. ಎರಡು ದಿನ ಅಲ್ಲೇ ಆ ಬೆಂಚಿನ ಮ್ಯಾಲ ಕುಂತಿದ್ದಳ್ರಿ. ಎರಡನೇ ದಿನ ಅವರವ್ವ ಬುತ್ತಿ ತಂದುಕೊಟ್ಟು ಹೋದಳು."

ಬೆನ್ನಿಗೆ ಗುದ್ದಿದ್ದ ಈರಮ್ಮ ಬುತ್ತಿ ತಂದಳಂತೆ. ರಾಜಣ್ಣ ರಿಜಿಸ್ಟರ್ ಬಿಚ್ಚಿ ಪುಟ ತಿರುವಿ ನನ್ನ ಮುಂದಿಟ್ಟ. ಇಪ್ಪತ್ಮೂರನೇ ಸಾಲು. ಹದಿನೈದರ ಮೇಲೆ ಒಂದು ಅಡ್ಡಗೆರೆ. ಪಕ್ಕದಲ್ಲಿ ಶಿವಲಿಂಗಪ್ಪನವರ ಸೊಟ್ಟ ಅಕ್ಷರ: "ಒಂದು, ಎರಡು, ಮೂರನೇ ಹಾಳೆಗಳನ್ನು ನಾವು ಕಳೆದಿದ್ದೇವೆ." ಕೆಳಗೆ ಸಹಿ, ಸ್ಕೂಲಿನ ಸೀಲು.

ಸೀಲಿನ ಪಕ್ಕ ಪೆನ್ಸಿಲಿನಲ್ಲಿ, ಕೈವಾರವಿಲ್ಲದೆ ಬರೆದ ಒಂದು ದುಂಡನೆಯ ಪುಟ್ಟ ವೃತ್ತ ಇತ್ತು. ಒಳಗೆ ಇಪ್ಪತ್ಮೂರು. ಹೆಡ್‌ಮಾಸ್ಟರ್ ಬರೆದದ್ದನ್ನು ಓದಿ, ಸರಿಯಿದೆಯೇ ಎಂದು ಚೆಕ್ ಮಾಡಿ, ಆಮೇಲೆ ಟಿ.ಸಿ. ತಗೊಂಡು ಹೋಗಿದ್ದಳು.